ಹೊಟ್ಟಾಸುರನೂ ಒಂದು ಶಾಲೂ

ಯಂತ್ರದ ಮೇಲೆ ಹೊದಿಸಿದ್ದ ಸೀರೆಯನ್ನು ಬಕ್ಕೇಶ ಎಳೆದು ತೆಗೆದಾಗ ಹಾಲಮ್ಮ ಚಪ್ಪಾಳೆ ತಟ್ಟಿದರು. ಮುರಿಗೆಪ್ಪನವರು ತಟ್ಟಲಿಲ್ಲ. ಆ ಸೀರೆ ಮದುವೆಯಾದ ಹೊಸದರಲ್ಲಿ ಅವರೇ ಹೆಂಡತಿಗೆ ತಂದುಕೊಟ್ಟದ್ದು. ಈಗ ಅದರ ಸೆರಗಿಗೆ ಗ್ರೀಸ್ ಮೆತ್ತಿಕೊಂಡಿತ್ತು.

ಸೀರೆಯ ಕೆಳಗಿನಿಂದ ಹೊರಬಂದ ಆಕೃತಿಗೆ ಹೊಟ್ಟೆ ಇತ್ತು, ಅದು ಮಂಡಕ್ಕಿ ಭಟ್ಟಿಯವರು ಗುಜರಿಗೆ ಹಾಕಿದ್ದ ಪೀಪಾಯಿ. ಭುಜದ ಮೇಲೆ ಎರಡು ಪ್ರೆಶರ್ ಕುಕ್ಕರುಗಳು. ಪಕ್ಕದಲ್ಲಿ ಹೊಲಕ್ಕೆ ಔಷಧಿ ಹೊಡೆಯುವ ಪಂಪು. ಇವೆಲ್ಲವನ್ನೂ ಸುತ್ತಿ ಬಳಸಿ ಕೊನೆಗೆ ಒಂದು ಹಿತ್ತಾಳೆಯ ಮೂತಿಯಲ್ಲಿ ಮುಗಿಯುವ ಕೊಳವೆ.

"ಹೊಟ್ಟಾಸುರ ಅಂತ ಹೆಸರಿಟ್ಟೀನಿ," ಅಂದ ಬಕ್ಕೇಶ. "ದಾವಣಗೆರೆಯ ಭತ್ತದ ಹೊಟ್ಟನ್ನೆಲ್ಲ ಇವನೊಬ್ಬನೇ ತಿಂದು ಮುಗಿಸ್ತಾನೆ."

"ಇನ್ನೊಬ್ಬ ತಿನ್ನೋನು ಬಂದ ಅನ್ನು," ಅಂದರು ಮುರಿಗೆಪ್ಪನವರು.

ಯಂತ್ರ ನಿಂತಿದ್ದದ್ದು ಮುರಿಗೆಪ್ಪನವರ ಬೆಣ್ಣೆ ದೋಸೆ ಹೋಟೆಲಿನ ಹಿತ್ತಿಲಲ್ಲಿ. ಬಕ್ಕೇಶ ಹಾಲಮ್ಮನವರ ಒಬ್ಬನೇ ತಮ್ಮ. ವಯಸ್ಸು ನಲವತ್ತಾದರೂ ಮದುವೆ, ಕೆಲಸ ಇತ್ಯಾದಿ ಸಣ್ಣಪುಟ್ಟ ವಿಷಯಗಳಿಗೆ ಪುರಸೊತ್ತಾಗದೆ, ಕಾಲೇಜಿನಲ್ಲಿ ಅರ್ಧಕ್ಕೆ ಬಿಟ್ಟ ರಸಾಯನಶಾಸ್ತ್ರವನ್ನು ನಂಬಿಕೊಂಡು, ಅಕ್ಕನ ಹಿತ್ತಿಲಲ್ಲಿ ಸಂಶೋಧನೆ ನಡೆಸುತ್ತಿದ್ದ. ಹೋದ ವರ್ಷ ಅವನು ಮಾಡಿದ್ದ ಚಟ್ನಿ ರುಬ್ಬುವ ಸೈಕಲ್ಲು ಚಟ್ನಿಯನ್ನೇನೋ ರುಬ್ಬಿತ್ತು. ಆದರೆ ರುಬ್ಬಿದ್ದನ್ನೆಲ್ಲ ಎದುರು ಮನೆಯ ಗೋಡೆಗೆ ಬಳಿದಿತ್ತು. ಆ ಗೋಡೆಗೆ ಸುಣ್ಣ ಹೊಡೆಸಿಕೊಟ್ಟವರು ಮುರಿಗೆಪ್ಪನವರು. "ಎಷ್ಟು ದೂರ ಹಾರಿತ್ತು ಗೊತ್ತೇನ್ರಿ," ಎಂದು ಹಾಲಮ್ಮ ಇಂದಿಗೂ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

"ಭಾವ, ಸ್ವಲ್ಪ ಗಮನ ಇಟ್ಟು ಕೇಳ್ರಿ. ಭತ್ತದ ಗಿಡ ನೆಲದಿಂದ ಮರಳಿನ ಸತ್ವ ಹೀರ್ತೈತಿ. ಹೀರಿ ಎಲ್ಲಿಡ್ತೈತಿ? ಹೊಟ್ಟಿನಾಗೆ. ನಮ್ಮ ಮಂಡಕ್ಕಿ ಭಟ್ಟಿಯೋರು ಆ ಹೊಟ್ಟನ್ನ ಒಲೆಗೆ ಹಾಕ್ತಾರೆ, ಬೂದಿನ ತಿಪ್ಪೆಗೆ ಚೆಲ್ತಾರೆ. ಆ ಬೂದಿಯಿಂದ ಸಿಲಿಕಾ ತೆಗೆದು, ನ್ಯಾನೋ ಪುಡಿ ಮಾಡೀನಿ. ನ್ಯಾನೋ ಅಂದ್ರೆ, ನಿಮ್ಮ ತಲೆಗೂದಲು ಒಂದನ್ನ ಉದ್ದಕ್ಕೆ ಸಾವಿರ ಸೀಳು ಸೀಳಿದ್ರೆ..."

"ಅವರ ತಲ್ಯಾಗೆ ಎಲ್ಲೈತೋ ಕೂದಲು," ಅಂದರು ಹಾಲಮ್ಮ. "ನನ್ನದು ತಗಾ."

ಬಕ್ಕೇಶ ಗುಂಡಿ ಒತ್ತಿದ. ಹೊಟ್ಟಾಸುರ ಕೆಮ್ಮಿತು, ನಡುಗಿತು, ಎತ್ತಿನ ಗಾಡಿ ಏರು ಹತ್ತುವ ದನಿಯಲ್ಲಿ ನರಳಿತು. ಕೊನೆಗೆ ಹಿತ್ತಾಳೆಯ ಮೂತಿಯಿಂದ ಒಂದೇ ಒಂದು ಉಸಿರು ಬಿಳಿಯ ಮಂಜು ಹೊರಬಂದು, ಎದುರಿಗಿಟ್ಟಿದ್ದ ಹೊಸ ಕಬ್ಬಿಣದ ಹಂಚಿನ ಮೇಲೆ ಕೂತಿತು. ಬಕ್ಕೇಶ ಹಂಚಿಗೆ ನೀರು ಚಿಮುಕಿಸಿದ. ನೀರು ಕೆಸುವಿನ ಎಲೆಯ ಮೇಲೆ ಬಿದ್ದಂತೆ ಮುತ್ತುಮುತ್ತಾಗಿ ಓಡಾಡಿತು.

ಹೊಸ ಹಂಚಿನ ಮೇಲೆ ಹೊಯ್ದ ಮೊದಲ ದೋಸೆ ಎಬ್ಬಿಸಲು ಸುತ್ತಿಗೆ, ಉಳಿ ಬೇಕಾಗುತ್ತದೆ ಎಂಬುದು ಮುರಿಗೆಪ್ಪನವರ ಅನುಭವ. ಈ ಹಂಚನ್ನು ಒಲೆಯ ಮೇಲಿಟ್ಟು, ಈರುಳ್ಳಿ ಉಜ್ಜದೆ, ಬೆಣ್ಣೆ ಸವರದೆ ಹೊಯ್ದ ದೋಸೆ ಬೆಂದ ಕೂಡಲೇ ತಾನಾಗಿ ಜಾರಿ ತಟ್ಟೆಗೆ ಬಂದು ಮಲಗಿತು. ಹಾಲಮ್ಮನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಬಂತು ಎಂದು ಮುರಿಗೆಪ್ಪನವರು ಅಂದುಕೊಂಡರು.

"ಬೆಣ್ಣೆ ಇಲ್ಲದೆ ಎದ್ದ ದೋಸೆಗೆ ಬೆಣ್ಣೆ ದೋಸೆ ಅಂತ ಹೆಂಗಪ ಕರಿಯೋದು?"

"ಬೆಣ್ಣೆ ಮೇಲೆ ಹಾಕಾಣ ಭಾವ. ಹಂಚಿಗೆ ಯಾಕೆ ತಿನ್ನಿಸ್ತೀರಿ? ಆದ್ರೆ ಒಂದು ಮಾತು, ಒಂದೇ ಉಸಿರು ಹೊಡೀಬೇಕು. ಹೆಚ್ಚಾದ್ರೆ ಹಿಟ್ಟು ಹಂಚಿನ ಮೇಲೆ ಕೂರಾದೇ ಇಲ್ಲ." ಬಕ್ಕೇಶ ತಲೆ ಕೆರೆದುಕೊಂಡ. "ಭಾನುವಾರ ಸಂಘದೋರು ಬರೋದ್ರೊಳಗೆ ನಿಮ್ಮಪ್ಪಾರ ಕಾಲದ ಹಂಚಿಗೂ ಒಂದು ಉಸಿರು ಹೊಡೀಲೇನು?"

"ನಮ್ಮಪ್ಪನ ಹಂಚಿನ ತಂಟೆಗೆ ಬಂದ್ರೆ ನಿನ್ನ ಅಸುರನ್ನ ಬಂದ ದಾರೀಲೇ ಗುಜರಿಗೆ ಕಳಿಸ್ತೀನಿ."

"ಹುಡುಗ ಒಳ್ಳೇದಕ್ಕೆ ಹೇಳಿದ," ಅಂದರು ಹಾಲಮ್ಮ. "ಹೊಟ್ಟೆಕಿಚ್ಚಿಗೆ ಒಂದು ಮಿತಿ ಇರಬೇಕು ನೋಡ್ರಿ."

ಹೊಟ್ಟೆಕಿಚ್ಚು ಎಂದು ಮುರಿಗೆಪ್ಪನವರು ಅದನ್ನು ಎಂದೂ ಕರೆದಿರಲಿಲ್ಲ. ಅವರ ಲೆಕ್ಕದಲ್ಲಿ ಅದು ನ್ಯಾಯದ ಪ್ರಶ್ನೆ. ಉದಾಹರಣೆಗೆ ಅದೇ ದಿನ ಮಧ್ಯಾಹ್ನ ನಡೆದದ್ದನ್ನು ನೋಡಿ. ಹಾಲಮ್ಮ ತಮ್ಮನ ದೋಸೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಇಟ್ಟರು, ಅದು ಕರಗುವ ಮೊದಲೇ ಇನ್ನೊಂದಿಟ್ಟರು. ಗಂಡನ ಮುಂದೆ ಖಾಲಿ ದೋಸೆ ತಂದಿಟ್ಟರು.

"ನನಗೆ?"

"ಡಾಕ್ಟ್ರು ಏನಂದಾರೆ?"

ಊರಿಗೆಲ್ಲ ಬೆಣ್ಣೆ ಉಣ್ಣಿಸುವ ಮನುಷ್ಯ ತಾನು ಖಾಲಿ ದೋಸೆ ತಿನ್ನುತ್ತ, ಎದುರಿಗೆ ಕೂತವನ ಗಲ್ಲದ ಮೇಲೆ ಬೆಣ್ಣೆ ಇಳಿಯುವುದನ್ನು ನೋಡುತ್ತಿರಬೇಕು. ಇದಕ್ಕೆ ಯಾವ ಡಾಕ್ಟರು ಔಷಧಿ ಕೊಡುತ್ತಾನೆ?

ಇನ್ನು ಭಾನುವಾರದ ವಿಷಯ. ಹೋಟೆಲ್ ಮಾಲೀಕರ ಸಂಘದವರು ವರ್ಷಕ್ಕೊಮ್ಮೆ ಒಬ್ಬರ ಹೋಟೆಲಿಗೆ ಬಂದು, ದೋಸೆ ತಿಂದು, ಆ ಮಾಲೀಕನಿಗೆ ಹಾರ ಹಾಕಿ, ಪೇಟ ತೊಡಿಸಿ, ಶಾಲು ಹೊದಿಸಿ ಹೋಗುತ್ತಾರೆ. ಆ ಶಾಲು ಮುರಿಗೆಪ್ಪನವರ ಬೀದಿಯಲ್ಲಿ ಎಲ್ಲರ ಭುಜದ ಮೇಲೂ ಕೂತು ಎದ್ದಿತ್ತು. ಮೂಲೆಯ ಚುರುಮುರಿ ಅಂಗಡಿಯವನ ಗೋಡೆಯ ಮೇಲೂ ಶಾಲು ಹೊದ್ದ ಫೋಟೋ ಇತ್ತು. ಮುರಿಗೆಪ್ಪನವರ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಆಗಲೇ ಹೊಡೆದಿಟ್ಟಿದ್ದರು. ಈ ವರ್ಷ ಕೊನೆಗೂ ಅವರ ಸರದಿ ಬಂದಿತ್ತು. ಹೊಸ ಬಿಳಿ ಜುಬ್ಬಾ ಹೊಲಿಸಿ, ಇಸ್ತ್ರಿ ಮಾಡಿಸಿ, ಕಪಾಟಿನಲ್ಲಿಟ್ಟು ದಿನಕ್ಕೆರಡು ಬಾರಿ ಬಾಗಿಲು ತೆಗೆದು ನೋಡುತ್ತಿದ್ದರು.

ಶುಕ್ರವಾರ ಸಂಘದ ಅಧ್ಯಕ್ಷ ರೇವಣಸಿದ್ದಪ್ಪ ವ್ಯವಸ್ಥೆ ವಿಚಾರಿಸಲು ಬಂದರು. ಬಂದವರನ್ನು ಹಾಲಮ್ಮ ನೇರವಾಗಿ ಹಿತ್ತಿಲಿಗೆ ಕರೆದುಕೊಂಡು ಹೋದರು. ಹೊಟ್ಟಾಸುರ ಉಸಿರು ಬಿಟ್ಟಿತು, ದೋಸೆ ಜಾರಿತು, ಅಧ್ಯಕ್ಷರ ಬಾಯಿ ತೆರೆದುಕೊಂಡಿತು.

"ಮುರಿಗೆಪ್ಪ, ಮನ್ಯಾಗೆ ಇಂಥ ತಲೆ ಇಟ್ಕೊಂಡು ಸುಮ್ಮನಿದ್ದೀಯಲ್ಲ ಮಾರಾಯ. ತಿಪ್ಪೆಗೆ ಹೋಗೋ ಬೂದಿಯಾಗೆ ಚಿನ್ನ ತೆಗೆದಾನೆ."

"ಶಾಲು ತಂದಾಯ್ತೇನ್ರಿ?" ಎಂದು ಮುರಿಗೆಪ್ಪನವರು ಮಾತು ತಿರುಗಿಸಿದರು.

"ತಂದಾಯ್ತು. ಒಂದೇ ಐತಿ." ಅಧ್ಯಕ್ಷರು ಬಕ್ಕೇಶನನ್ನು ನೋಡಿದರು, ಮುರಿಗೆಪ್ಪನವರನ್ನು ನೋಡಿದರು, ಮತ್ತೆ ಬಕ್ಕೇಶನನ್ನು ನೋಡಿದರು. "ಯಾರಿಗೆ ಅನ್ನೋದು ಭಾನುವಾರ ದೋಸೆ ತಿಂದಮೇಲೆ ನೋಡಾಣಂತೆ."

ಆ ಎರಡೂ ರಾತ್ರಿ ಮುರಿಗೆಪ್ಪನವರಿಗೆ ನಿದ್ದೆಯಲ್ಲಿ ಶಾಲು ಕಾಣಿಸುತ್ತಿತ್ತು. ಪ್ರತಿ ಸಲವೂ ಅದು ಬೇರೆಯವನ ಮೈಮೇಲಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ದೇವರ ಮುಂದೆ ಕೂತು, ವಿಭೂತಿಗೆ ಕೈಹಾಕಿದರೆ ಅಪ್ಪನ ಕಾಲದ ಬೆಳ್ಳಿ ಡಬ್ಬಿ ಇಲ್ಲ. ಅದರ ಜಾಗದಲ್ಲಿ ಅಂಗಡಿಯಿಂದ ತಂದ ವಿಭೂತಿ ಗಟ್ಟಿಯೊಂದು ಕಾಗದದಲ್ಲಿ ಕೂತಿತ್ತು. ಹೆಂಡತಿಯನ್ನು ಕೇಳೋಣವೆಂದರೆ ಹಾಲಮ್ಮ ತಮ್ಮನಿಗೆ ಹೊಸ ಅಂಗಿ ತರಲು ಹೋಗಿದ್ದರು. ಹುಡುಕುತ್ತ ಹಿತ್ತಿಲಿಗೆ ಹೋದ ಮುರಿಗೆಪ್ಪನವರಿಗೆ ಡಬ್ಬಿ ಸಿಕ್ಕಿತು. ಹೊಟ್ಟಾಸುರನ ಪಕ್ಕದಲ್ಲಿ, ಬಕ್ಕೇಶನ ಮೇಜಿನ ಮೇಲೆ!

ತಿರುಪಿನ ಮುಚ್ಚಳ ತೆಗೆದು ನೋಡಿದರು. ಒಳಗೆ ಹಾಲಿನ ಬಿಳುಪಿನ ಪುಡಿ. ಇಷ್ಟು ನುಣುಪಾದ ವಿಭೂತಿಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಹೋದ ವಾರ ಹಾಲಮ್ಮ ತವರೂರಿನ ಮಠಕ್ಕೆ ಹೋಗಿಬಂದದ್ದು ನೆನಪಾಯಿತು. ಎಲ್ಲವೂ ಅರ್ಥವಾಗಿಹೋಯಿತು. ಮಠದಿಂದ ತಂದ ಒಳ್ಳೆಯ ವಿಭೂತಿ ತಮ್ಮನಿಗೆ, ಅದೂ ತಮ್ಮಪ್ಪನ ಬೆಳ್ಳಿ ಡಬ್ಬಿಯಲ್ಲಿ; ಗಂಡನಿಗೆ ಅಂಗಡಿಯ ಗಟ್ಟಿ. ಬೆಣ್ಣೆ ಹೋಯಿತು, ಸೀರೆ ಹೋಯಿತು, ಈಗ ವಿಭೂತಿಯೂ ಹೋಯಿತು.

ಯಂತ್ರದಿಂದ ಬರುವ ಮಂಜನ್ನು ಅವರು ನೋಡಿದ್ದರು. ಆ ಮಂಜಿನ ಪುಡಿ ಹೇಗಿರುತ್ತದೆ ಎಂಬುದನ್ನು ನೋಡಿರಲಿಲ್ಲ. ಆ ಪುಡಿ ಸಾಮಾನ್ಯ ಡಬ್ಬಿಗಳಿಂದ ಜಾರಿ ಹೊರಗೆ ಬರುತ್ತದೆಂದು ಬಕ್ಕೇಶ ಅಕ್ಕನ ಹತ್ತಿರ ಬಿಗಿ ಮುಚ್ಚಳದ ಡಬ್ಬಿಯೊಂದನ್ನು ಕೇಳಿ ಪಡೆದಿದ್ದ. ಇದನ್ನು ಮುರಿಗೆಪ್ಪನವರಿಗೆ ಯಾರೂ ಹೇಳಿರಲಿಲ್ಲ.

ಡಬ್ಬಿಯನ್ನು ಪಂಚೆಯ ಮಡಿಲಲ್ಲಿಟ್ಟುಕೊಂಡು ಬಂದು ಮತ್ತೆ ದೇವರ ಮುಂದೆ ಕೂತರು. ಮೂರು ಬೆರಳಿಂದ ಹಣೆಗೆ ಎಳೆದರು. ಕನ್ನಡಿ ನೋಡಿದರೆ ಗೆರೆಯೇ ಕಾಣಿಸಲಿಲ್ಲ, ಪುಡಿ ಚರ್ಮದೊಳಗೆ ಇಂಗಿಹೋಗಿತ್ತು. ದುಬಾರಿ ವಸ್ತು ಹೀಗೇ ಇರುತ್ತದೆ ಎಂದುಕೊಂಡು ಇನ್ನಷ್ಟು ಎಳೆದರು. ತೋಳಿಗೆ, ಭುಜಕ್ಕೆ, ಎದೆಗೆ, ಕತ್ತಿಗೆ, ಬೆನ್ನಿಗೆ ಕೈ ನಿಲುಕಿದಷ್ಟು. ಬಕ್ಕೇಶನಿಗೆ ಒಂದು ಚಿಟಿಕೆಯೂ ಉಳಿಯಬಾರದು ಎಂಬ ಭಕ್ತಿಯಿಂದ ಬಳಿದುಕೊಂಡರು.

ಆಮೇಲೆ ಅಪ್ಪ ಹಾಕಿಕೊಟ್ಟ ಪದ್ಧತಿಯಂತೆ, ಒಲೆ ಹೊತ್ತಿಸುವ ಮೊದಲು ಹಂಚಿಗೂ ಹಚ್ಚಿದರು. ದಿನವೂ ಮೂರು ಗೆರೆ ಎಳೆಯುತ್ತಿದ್ದವರು ಇವತ್ತು ವಿಶೇಷ ದಿನವೆಂದು ಹಂಚಿನ ತುಂಬ ಸವರಿದರು. ಸೌಟಿಗೂ, ಬೆಣ್ಣೆಯ ಪಾತ್ರೆಯ ಒಳಗೋಡೆಗೂ ಸ್ವಲ್ಪ.

ಹೊಸ ಜುಬ್ಬಾ ತೊಟ್ಟಾಗ ಅದು ತಲೆಯಿಂದ ಸುಯ್ಯೆಂದು ಇಳಿದು ಮೊಣಕಾಲಿಗೆ ಬಂದು ನಿಂತಿತು. ದರ್ಜಿ ಚೆನ್ನಾಗಿ ಹೊಲಿದಿದ್ದಾನೆ ಎಂದು ಮುರಿಗೆಪ್ಪನವರಿಗೆ ಸಂತೋಷವಾಯಿತು.

ಹನ್ನೊಂದಕ್ಕೆ ಸಂಘದವರು ಬಂದರು. ರೇವಣಸಿದ್ದಪ್ಪ ಕೈ ಚಾಚಿದರು. ಮುರಿಗೆಪ್ಪನವರು ಕೈ ಕುಲುಕಲು ಹೋದರೆ ಅಧ್ಯಕ್ಷರ ಹಿಡಿತ ಅಂಗೈಯಿಂದ ಮುಂಗೈಗೆ, ಮುಂಗೈಯಿಂದ ಮೊಣಕೈಗೆ ಜಾರಿ, ತೋಳಿನವರೆಗೂ ಹೋಗಿ ನಿಂತಿತು. ಇಬ್ಬರೂ ಬಹಳ ದಿನಗಳ ಮೇಲೆ ಸಿಕ್ಕ ಅಣ್ಣತಮ್ಮಂದಿರಂತೆ ಕಂಡರು.

"ಪ್ರೀತಿ ಜಾಸ್ತಿ ಆಯ್ತೋ ಮುರಿಗೆಪ್ಪ. ಬಿಡು, ದೋಸೆ ಹೊಯ್ಯಿ."

ಮುರಿಗೆಪ್ಪನವರು ಒಲೆಯ ಮುಂದೆ ನಿಂತರು. ಅಪ್ಪನ ಹಂಚು ಕಾದಿತ್ತು. ಹೊಸ ಅಂಗಿ ತೊಟ್ಟ ಬಕ್ಕೇಶ ಹೊಟ್ಟಾಸುರನನ್ನು ಗಾಲಿಗಳ ಮೇಲೆ ತಳ್ಳಿಕೊಂಡು ಬಂದು ಅಡುಗೆ ಕಟ್ಟೆಯ ಪಕ್ಕ ನಿಲ್ಲಿಸಿದ. ತನ್ನ ಸರದಿಗೆ ಅವನು ಕಾಯುತ್ತಿದ್ದಾನೆಂದು ಮುರಿಗೆಪ್ಪನವರಿಗೆ ಗೊತ್ತಿತ್ತು. ಹೆಂಡತಿ ಅವನ ಕಾಲರು ಸರಿಮಾಡುವುದನ್ನು ಓರೆಗಣ್ಣಲ್ಲಿ ನೋಡುತ್ತ, ಒಂದು ಸೌಟು ಹಿಟ್ಟನ್ನು ಹಂಚಿನ ನಡುವಿಗೆ ಹೊಯ್ದರು.

ಹಿಟ್ಟು ಹರಡಲಿಲ್ಲ. ಗೋಲಿಗಳಾಗಿ ಒಡೆಯಿತು. ಸಣ್ಣ, ಬಿಳಿಯ, ದುಂಡನೆಯ ಗೋಲಿಗಳು ಅಪ್ಪನ ಹಂಚಿನ ಮೇಲೆ ಶಾಲೆ ಬಿಟ್ಟ ಮಕ್ಕಳಂತೆ ದಿಕ್ಕಾಪಾಲಾಗಿ ಓಡತೊಡಗಿದವು. ಮುರಿಗೆಪ್ಪನವರು ಸೌಟಿನಿಂದ ಅಟ್ಟಿಸಿಕೊಂಡು ಹೋದರು. ಸೌಟು ಕೈಯಿಂದ ಜಾರಿ ಸಾಂಬಾರಿಗೆ ಬಿತ್ತು. ಬೆಣ್ಣೆ ಹಾಕಿದರೆ ಹಿಡಿತ ಬರಬಹುದೆಂದು ಪಾತ್ರೆ ಬಗ್ಗಿಸಿದರು. ಇಡೀ ಬೆಣ್ಣೆಯ ಮುದ್ದೆ ಒಂದೇ ಏಟಿಗೆ ಹೊರಬಂದು, ಹಂಚಿಗೆ ತಾಗಿ, ಕೇರಂ ಆಟದ ಸ್ಟ್ರೈಕರಿನಂತೆ ಚಿಮ್ಮಿ, ಅಧ್ಯಕ್ಷರ ಮಡಿಲಲ್ಲಿ ಕೂತಿತು.

"ಇದೇನ್ರಿ ಭಾವ," ಅಂದ ಬಕ್ಕೇಶ, ಗಾಬರಿಯಿಂದ ಹತ್ತಿರ ಬಂದು. "ಹಂಚಿಗೆ ಏನು ಹಚ್ಚೀರಿ?"

"ವಿಭೂತಿ. ನಿಮ್ಮಕ್ಕ ನಿನಗೆ ತಂದುಕೊಟ್ಟ ವಿಭೂತಿ. ನಾನು ಹಚ್ಚಿಕೊಂಡರೆ ತಪ್ಪೇನು? ಡಬ್ಬಿ ನಮ್ಮಪ್ಪಂದು."

"ಬೆಳ್ಳಿ ಡಬ್ಬೀದೇನ್ರಿ?" ಬಕ್ಕೇಶನ ಮುಖ ಬಿಳಚಿಕೊಂಡಿತು. "ಎಷ್ಟು ಹಚ್ಚಿಕೊಂಡ್ರಿ?"

"ಎಲ್ಲ."

"ಭಾವ, ಅದು ನನ್ನ ನ್ಯಾನೋ ಪುಡಿ. ಒಂದು ಡಬ್ಬಿಗೆ ಮೂರು ಲಾರಿ ಹೊಟ್ಟು ಬೇಕು."

ಮುರಿಗೆಪ್ಪನವರಿಗೆ ತಲೆ ತಿರುಗಿದಂತಾಯಿತು. ಆಸರೆಗೆಂದು ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಹೊಟ್ಟಾಸುರನ ಉಸಿರು ಬಿಡಿಸುವ ಹಿಡಿಕೆ. ಅದರ ಮೇಲೂ ಅವರ ಕೈ ಜಾರಿತು, ಜಾರುತ್ತ ಹಿಡಿಕೆಯನ್ನು ಕೊನೆಯ ಗುರುತಿನವರೆಗೆ ಎಳೆದುಕೊಂಡು ಹೋಯಿತು. ಹೊಟ್ಟಾಸುರ ಹುಟ್ಟಿದಂದಿನಿಂದ ಕಾಯುತ್ತಿದ್ದ ಅವಕಾಶ ಸಿಕ್ಕಂತೆ ಆರ್ಭಟಿಸಿ, ಊಟದ ಮೇಜುಗಳ ಮೇಲೆ ದೀರ್ಘವಾಗಿ ಉಸಿರು ಬಿಟ್ಟಿತು.

ಮಂಜು ತಿಳಿಯಾದಾಗ ತಟ್ಟೆಗಳಲ್ಲಿ ಬಡಿಸಿದ್ದ ಚಟ್ನಿ ಹಸಿರು ಗೋಲಿಗಳಾಗಿತ್ತು. ಆಲೂಗಡ್ಡೆ ಪಲ್ಯ ತಟ್ಟೆ ಬಿಟ್ಟು ಮೇಜಿನ ಅಂಚಿಗೆ ಪ್ರಯಾಣ ಹೊರಟಿತ್ತು. ಸಂಘದ ಖಜಾಂಚಿ ಕಾಫಿ ಲೋಟ ಬಾಯಿಗಿಟ್ಟರೆ ಕಾಫಿ ಒಂದೇ ಉಂಡೆಯಾಗಿ ಹೊರಗೆ ಉರುಳಿ, ಅವರ ಗಲ್ಲ ಮುಟ್ಟಿ, ಒಂದು ಹನಿಯೂ ಅಂಟದೆ ನೆಲಕ್ಕಿಳಿದು ಬಾಗಿಲ ಕಡೆ ಹೋಯಿತು. ಖಜಾಂಚಿ ಅದನ್ನು ಗೌರವದಿಂದ ನೋಡಿದರು.

ಅಷ್ಟರಲ್ಲಿ ಅಪ್ಪನ ಹಂಚಿನ ಮೇಲೆ ಓಡಾಡುತ್ತಿದ್ದ ಹಿಟ್ಟಿನ ಗೋಲಿಗಳು, ಓಡಿ ಓಡಿ ಸುತ್ತಲೂ ಸಮನಾಗಿ ಬೆಂದು, ಹೊಂಬಣ್ಣಕ್ಕೆ ತಿರುಗಿ, ಸಾಲಾಗಿ ಜಾರಿ ತಟ್ಟೆಗೆ ಬಿದ್ದಿದ್ದವು. ರೇವಣಸಿದ್ದಪ್ಪ ಒಂದನ್ನು ಎತ್ತಿ, ತಮ್ಮ ಮಡಿಲ ಬೆಣ್ಣೆಗೆ ಅದ್ದಿ, ಬಾಯಿಗೆ ಹಾಕಿಕೊಂಡರು. ಹೋಟೆಲು ಉಸಿರು ಬಿಗಿಹಿಡಿಯಿತು.

"ಪಡ್ಡಿನ ಹಂಚಿಲ್ಲದೆ ಪಡ್ಡು," ಅಂದರು ಅಧ್ಯಕ್ಷರು, ಕಣ್ಣು ಮುಚ್ಚಿ. "ಹೊರಗೆ ಗರಿಗರಿ, ಒಳಗೆ ಹತ್ತಿ. ಲೇ, ಇದು ಯಾರ ಕೈಚಳಕ?"

"ನನ್ನದು," ಅಂದರು ಮುರಿಗೆಪ್ಪನವರು.

"ನನ್ನ ಪುಡೀದು," ಅಂದ ಬಕ್ಕೇಶ. ಭಾವನ ಮುಖ ನೋಡಿದವನು, "ಅಂದ್ರೆ, ಹಚ್ಚಿದೋರು ಭಾವಾನೇ," ಎಂದು ಸೇರಿಸಿದ.

ಅಧ್ಯಕ್ಷರು ಇನ್ನೆರಡು ಗೋಲಿ ತಿಂದರು. "ಹಂಚು ಮುರಿಗೆಪ್ಪಂದು, ಹಿಟ್ಟು ಮುರಿಗೆಪ್ಪಂದು. ಶಾಲು ಅವನಿಗೇ," ಎಂದು ತೀರ್ಮಾನ ಕೊಟ್ಟರು.

ಮುರಿಗೆಪ್ಪನವರ ಎದೆ ಉಬ್ಬಿತು. ಜರಿಯಂಚಿನ ಶಾಲು ಬಿಚ್ಚಿಕೊಂಡು ಅವರ ಭುಜದ ಮೇಲೆ ಇಳಿಯಿತು. ಇಳಿದದ್ದು ಹಾಗೇ ಇಳಿಯುತ್ತ ಹೋಗಿ ಪಾದದ ಬಳಿ ಗುಡ್ಡೆಯಾಯಿತು. ಜುಬ್ಬಾದ ಬಟ್ಟೆಯವರೆಗೂ ಪುಡಿ ಹತ್ತಿತ್ತು. ಖಜಾಂಚಿ ಎತ್ತಿ ಮತ್ತೆ ಹೊದಿಸಿದರು, ಮತ್ತೆ ಇಳಿಯಿತು. ಹಾರ ಹಾಕಿದರೆ ಕತ್ತಿನಿಂದ ಸೊಂಟಕ್ಕೆ, ಸೊಂಟದಿಂದ ನೆಲಕ್ಕೆ ಬಂತು. ಪೇಟ ಬೋಳುತಲೆಯ ಮೇಲೆ ಬುಗುರಿಯಂತೆ ಒಂದು ಸುತ್ತು ಸುತ್ತಿ ಕಿವಿಯ ಮೇಲೆ ನಿಂತಿತು. ಮೂರನೆಯ ಸಲ ಅಧ್ಯಕ್ಷರು ಸ್ವಲ್ಪ ಜೋರಾಗಿಯೇ ಬೀಸಿ ಹೊದಿಸಿದರು. ಶಾಲು ಮುರಿಗೆಪ್ಪನವರ ಬೆನ್ನ ಮೇಲೆ ಜಾರುಬಂಡೆ ಆಡಿ, ಹಿಂದೆ ಹಾರ ಎತ್ತಿಕೊಳ್ಳಲು ಬಗ್ಗಿದ್ದ ಬಕ್ಕೇಶನ ಹೆಗಲ ಮೇಲೆ ಹೋಗಿ, ಅಲ್ಲೇ ಹುಟ್ಟಿ ಬೆಳೆದಂತೆ ಕೂತಿತು.

ಜನ ಚಪ್ಪಾಳೆ ತಟ್ಟಿದರು. ಕನಸಿನಲ್ಲಿ ಕಂಡದ್ದು ಹಗಲಲ್ಲೇ ನಡೆಯುತ್ತಿರುವುದನ್ನು ಮುರಿಗೆಪ್ಪನವರು ನೋಡಿದರು.

ಆಗ ಹಾಲಮ್ಮ ಎದ್ದು ಬಂದು ತಮ್ಮನ ಹೆಗಲಿನಿಂದ ಶಾಲನ್ನು ಎಳೆದುಕೊಂಡರು.

"ಕೊಡೋ ಇಲ್ಲಿ. ಇದು ನಿಮ್ಮ ಭಾವಂದು. ಮೊಳೆ ಹೊಡೆದಿಟ್ಕೊಂಡು ಕಾದಾರೆ ಮನುಷ್ಯ."

ಹೆಂಡತಿ ಆ ಮೊಳೆಯನ್ನು ಗಮನಿಸಿದ್ದಾಳೆ ಎಂಬುದೇ ಮುರಿಗೆಪ್ಪನವರಿಗೆ ಗೊತ್ತಿರಲಿಲ್ಲ. ಹಾಲಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೆಲ್ಲ ಬಿಚ್ಚಿ, ಶಾಲನ್ನು ಜುಬ್ಬಾಕ್ಕೆ ಸೇರಿಸಿ ಚುಚ್ಚಿದರು. "ಅಲ್ಲಾಡಬೇಡ್ರಿ," ಎಂದು ಗದರಿದರು. ಆ ಗದರಿಕೆ ಅವರ ಕಿವಿಗೆ ಬೆಣ್ಣೆ ಸವರಿದಂತೆ ಹಿತವಾಗಿತ್ತು. ಇಷ್ಟು ಹತ್ತಿರ ನಿಂತು ಹೆಂಡತಿ ತಮ್ಮ ಜುಬ್ಬಾದ ಕಾಲರು ಸರಿಮಾಡಿ ಎಷ್ಟು ಕಾಲವಾಗಿತ್ತೋ.

ಸಂಘದವರು ಕರೆತಂದಿದ್ದ ಫೋಟೋದವನು ಕುರ್ಚಿಯಲ್ಲಿ ಕೂರಿ ಅಂದ. ಕೂತರೆ ಮುರಿಗೆಪ್ಪನವರು ಮೆಲ್ಲಗೆ ಕೆಳಕ್ಕೆ ಜಾರುತ್ತಿದ್ದರು. ಹಾಲಮ್ಮ ಉಳಿದ ಪಿನ್ನುಗಳಿಂದ ಜುಬ್ಬಾವನ್ನು ಕುರ್ಚಿಯ ಬೆತ್ತದ ಹೆಣಿಗೆಗೂ ಚುಚ್ಚಿ ಭದ್ರಪಡಿಸಿದರು. "ಈಗ ಯಾವ ಅಸುರ ಬಂದ್ರೂ ಏನೂ ಆಗಲ್ಲ," ಅಂದರು.

"ಎಲ್ಲರೂ ಈ ಕಡೆ ನೋಡ್ರಿ," ಅಂದ ಫೋಟೋದವನು. ಮುರಿಗೆಪ್ಪನವರು ನಕ್ಕರು. ಹೆಮ್ಮೆಯಿಂದ ಒಂದು ದೀರ್ಘ ಉಸಿರು ಎಳೆದು ಬಿಟ್ಟರು. ಅಷ್ಟೇ ಸಾಕಾಯಿತು. ಜುಬ್ಬಾ ಕುರ್ಚಿಯಲ್ಲೇ ಉಳಿಯಿತು, ಶಾಲು ಜುಬ್ಬಾದಲ್ಲೇ ಉಳಿಯಿತು. ಸಿಪ್ಪೆಯಿಂದ ಬಾಳೆಹಣ್ಣು ಜಾರುವಂತೆ ಮುರಿಗೆಪ್ಪನವರು ಮಾತ್ರ ಕೆಳಗಿನಿಂದ ಹೊರಬಂದು, ಪಂಚೆಯ ಸಮೇತ ಮೇಜಿನಡಿಗೆ ಹೊರಟುಹೋದರು. ಭಾವನನ್ನು ಹಿಡಿಯಲು ಕುರ್ಚಿಯ ಹಿಂದಿನಿಂದ ಬಕ್ಕೇಶ ಮುಂದಕ್ಕೆ ಬಾಗಿದ. ಬೆಳಕು ಮಿಂಚಿತು.

ಈಗ ಆ ಫೋಟೋ ಕಟ್ಟು ಹಾಕಿಸಿಕೊಂಡು ಅದೇ ಮೊಳೆಯ ಮೇಲೆ ತೂಗುತ್ತಿದೆ. ಕುರ್ಚಿ ಇದೆ, ಜುಬ್ಬಾ ಇದೆ, ಜರಿಯಂಚಿನ ಶಾಲು ಇದೆ. ಜುಬ್ಬಾದ ಕಾಲರಿನ ಮೇಲೆ, ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿ, ಬಕ್ಕೇಶನ ತಲೆ ಇದೆ. ಪಕ್ಕದಲ್ಲಿ ಅಧ್ಯಕ್ಷರು ನಗುತ್ತಿದ್ದಾರೆ. ಪುಡಿ ಯಾವಾಗ ಹೋಗುತ್ತದೆ ಎಂದು ಕೇಳಿದರೆ ಬಕ್ಕೇಶ ಇನ್ನೂ ಸಂಶೋಧನೆ ನಡೆಯುತ್ತಿದೆ ಅನ್ನುತ್ತಾನೆ. ಅಲ್ಲಿಯವರೆಗೆ ಮುರಿಗೆಪ್ಪನವರು ಗಲ್ಲಾಪೆಟ್ಟಿಗೆಯ ಹಿಂದೆ, ಸೊಂಟಕ್ಕೊಂದು ಹಗ್ಗ ಬಿಗಿದುಕೊಂಡು ಕುರ್ಚಿಗೆ ಕಟ್ಟಿಸಿಕೊಂಡು ಕೂರುತ್ತಾರೆ.

ಗೋಲಿ ದೋಸೆ ತಿನ್ನಲು ಬಂದ ಗಿರಾಕಿಗಳು ಗೋಡೆ ನೋಡಿ ಕೇಳುತ್ತಾರೆ: "ಸನ್ಮಾನ ಮಾಡಿಸ್ಕೊಂಡೋರು ಯಾರ್ರೀ ಯಜಮಾನ್ರೇ?"

"ನಮ್ಮ ಭಾವಮೈದ," ಅನ್ನುತ್ತಾರೆ ಮುರಿಗೆಪ್ಪನವರು. ಯಾರೂ ಕೇಳದಿದ್ದರೂ ಸೇರಿಸುತ್ತಾರೆ: "ಜುಬ್ಬಾ ನಂದು."